ಜೋಳದ ಲಾರಿ ಬಿಟ್ಟು ಟ್ಯಾಂಕರ್ ಹತ್ತಿದೆ: ಹಾಲು, ನೀರು, ಪೆಟ್ರೋಲ್ ಮೂರನ್ನೂ ಓಡಿಸಿ ನೋಡಿದ ಮೇಲೆ

ಹದಿನಾಲ್ಕು ವರ್ಷ ಲಾರಿ ಓಡಿಸಿದ್ದೇನೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆಯ ಕೋಳಿ ಆಹಾರದ ಫ್ಯಾಕ್ಟರಿಗೆ ಹೋಗುವುದು, ಬರುವಾಗ ಸಿಕ್ಕಿದ್ದನ್ನು ಹೇರಿಕೊಂಡು ಬರುವುದು. ಹಗ್ಗ ಬಿಗಿದು ಬಿಗಿದು ಅಂಗೈ ಚಪ್ಪಲಿ ಅಟ್ಟೆಯಂತಾಗಿತ್ತು. ಅನ್‌ಲೋಡಿಗೆ ಎರಡು ದಿನ ಕಾಯುವುದು ಬೇರೆ. 2023ರ ಮಳೆಗಾಲದಲ್ಲಿ ಸಾಕೆನಿಸಿತು. ಟ್ಯಾಂಕರ್ ಹತ್ತಿದೆ. ಲಾರಿ ಓಡಿಸಿದವನಿಗೆ ಟ್ಯಾಂಕರ್ ಏನು ಮಹಾ ಎಂಬ ಜಂಬ ಇತ್ತು.

ಹಾಲಿನ ಟ್ಯಾಂಕರ್ ಎಂಟು ತಿಂಗಳು ಓಡಿಸಿದೆ, ನೀರಿನದು ಒಂದು ಬೇಸಿಗೆ. ಅಲ್ಲಿಂದೀಚೆಗೆ ಪೆಟ್ರೋಲ್-ಡೀಸೆಲ್. ಟೀ ಅಂಗಡಿಯಲ್ಲಿ ಸಿಗುವ ಹಳೆಯ ಗೆಳೆಯರು ಕೇಳುವುದು ಒಂದೇ: "ಯಾವುದು ವಾಸಿ?" ಅವರು ಕೇಳುವುದು ಸಂಬಳದ ಮಾತು. ನಾನು ಹೇಳುವುದು ಬ್ರೇಕಿನ ಮಾತು.

ಜೋಳದ ಚೀಲ ಇಟ್ಟಲ್ಲೇ ಕೂತಿರುತ್ತದೆ. ಹಾಲು ಕೂರುವುದಿಲ್ಲ. ಅರ್ಧ ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಗಕ್ಕನೆ ನಿಂತರೆ ನೀರು ಮುಂದಕ್ಕೆ ಹಾರುತ್ತದಲ್ವಾ, ಹಾಗೆಯೇ. ಮೊದಲನೇ ದಿನ ಹೆಬ್ಬಾಳು ಟೋಲ್‌ನಲ್ಲಿ ಸಾಲಿನ ಹಿಂದೆ ಗಾಡಿ ನಿಲ್ಲಿಸಿದೆ. ನಿಂತು ಒಂದು ಗಳಿಗೆ ಆದ ಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗಾಯಿತು. ಬೈಯೋಣವೆಂದು ಕನ್ನಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಗುದ್ದಿದ್ದು ಹಾಲು. ಮುಂದಿನ ಕಾರಿಗೂ ನನ್ನ ಬಂಪರಿಗೂ ಒಂದು ಮೊಳ ಉಳಿದಿತ್ತು, ಅಷ್ಟೇ.

ಟ್ಯಾಂಕ್ ಪೂರ್ತಿ ತುಂಬಿದ್ದರೆ ಈ ತಂಟೆ ಕಡಿಮೆ, ಪೂರ್ತಿ ಖಾಲಿ ಇದ್ದರೆ ಇಲ್ಲವೇ ಇಲ್ಲ. ಕಷ್ಟವೆಲ್ಲ ಅರ್ಧ ಲೋಡಿನದು. ನನ್ನ ಹಾಲಿನ ಲೈನು ಪೂರಾ ಅರ್ಧ ಲೋಡಿನದೇ ಆಗಿತ್ತು. ಭರಮಸಾಗರದ ಆಚೆ ಈಚೆ ಹಳ್ಳಿಗಳಲ್ಲಿ ಹಾಲು ತಣ್ಣಗಾಗಿಸುವ ಕೇಂದ್ರಗಳಿವೆ. ಒಂದರಲ್ಲಿ ಎರಡು ಸಾವಿರ ಲೀಟರ್, ಇನ್ನೊಂದರಲ್ಲಿ ಮೂರು ಸಾವಿರ, ಹೀಗೆ ಕೂಡಿಸುತ್ತಾ ಹೋಗಬೇಕು. ಕೊನೆಯ ಊರು ಬರುವವರೆಗೆ ಟ್ಯಾಂಕ್ ತುಂಬುವುದಿಲ್ಲ. ಅಷ್ಟರೊಳಗೆ ಹಳ್ಳಿ ರಸ್ತೆ, ಉಬ್ಬು, ಎಮ್ಮೆ, ತಿರುವು ಎಲ್ಲ ಮುಗಿದಿರುತ್ತವೆ. ಮೇಲಾಗಿ ನನ್ನ ಗಾಡಿಯ ಟ್ಯಾಂಕಿನ ಒಳಗೆ ತಡೆ ತಗಡು ಇರಲಿಲ್ಲ. ಇದ್ದರೆ ಮೂಲೆಯಲ್ಲಿ ಹಾಲಿನ ಜಿಡ್ಡು ಕೂತು ತೊಳೆಯಲು ಬರುವುದಿಲ್ಲ ಎಂದರು. ಒಳಗೆ ನುಣ್ಣಗಿನ ಸ್ಟೀಲು, ಹಾಲಿಗೆ ಜಾರುಬಂಡಿ.

ಒಂದು ಬೆಳಗಿನ ಜಾವ ಹೆದ್ದಾರಿಯಿಂದ ಊರ ದಾರಿಗೆ ತಿರುಗಿಸಿದೆ. ಸ್ಪೀಡು ಮೂವತ್ತರ ಒಳಗೇ ಇತ್ತು. ಲಾರಿಯಲ್ಲಿ ಅದೇ ತಿರುವನ್ನು ಒಂದು ಕೈಯಲ್ಲಿ ಎಷ್ಟು ಸಲ ಹೊಡೆದಿದ್ದೇನೋ. ಹಾಲು ಒಂದು ಮಗ್ಗುಲಿಗೆ ಸರಿಯಿತು, ಸ್ಟೇರಿಂಗ್ ಹಗುರಾಯಿತು, ಎಡಗಡೆಯ ಚಕ್ರ ನೆಲ ಬಿಟ್ಟಿದ್ದು ಕುಂಡಿಗೇ ಗೊತ್ತಾಯಿತು. ಬ್ರೇಕ್ ಒತ್ತಲಿಲ್ಲ, ಅದೊಂದು ಪುಣ್ಯ. ಚಕ್ರ ಮತ್ತೆ ನೆಲಕ್ಕೆ ಕೂತ ಮೇಲೆ ಗಾಡಿಯನ್ನು ಬದಿಗೆ ಹಾಕಿ ಇಳಿದು ಕೂತುಬಿಟ್ಟೆ. ಅವತ್ತಿನಿಂದ ತಿರುವಿನಲ್ಲಿ ಬ್ರೇಕ್ ಮುಟ್ಟುವುದಿಲ್ಲ. ತಿರುವಿಗೆ ಮುಂಚೆಯೇ ಗೇರ್ ಇಳಿಸುತ್ತೇನೆ. ಗೇರ್ ಹಾಕುವುದಕ್ಕೂ ಒಂದು ಹದ ಇದೆ. ಹಾಲು ಹಿಂದಕ್ಕೆ ಹೋಗುವಾಗ ಕ್ಲಚ್ ಒತ್ತಿದರೆ ಗಾಡಿ ನಿಂತಂತಾಗುತ್ತದೆ, ಮುಂದೆ ಬರುವಾಗ ಹಾಕಿದರೆ ಹಾಲೇ ನೂಕಿಕೊಡುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಬೆನ್ನೇ ಕಲಿಯಿತು.

ಹಾಲಿನ ಕೆಲಸದ ಒಳ್ಳೆಯದನ್ನೂ ಹೇಳಬೇಕು. ಕಾಗದ ಪತ್ರ ಕಡಿಮೆ. ಡೇರಿಗೆ ಬಂದರೆ ಸೀಲ್ ನೋಡುತ್ತಾರೆ, ಟೆಂಪರೇಚರ್ ನೋಡುತ್ತಾರೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡುತ್ತಾರೆ. 4 ಡಿಗ್ರಿಯ ಆಸುಪಾಸಿನಲ್ಲಿ ತುಂಬಿದ ಹಾಲು ದಾರಿಯಲ್ಲಿ ಹೆಚ್ಚು ಬಿಸಿಯಾಗದಿದ್ದರೆ ನಿಮ್ಮ ತಲೆ ತಣ್ಣಗೆ. ಆಮೇಲೆ ಟ್ಯಾಂಕ್ ತೊಳೆಯಲು ಸಾಲು: ಬಿಸಿ ನೀರು, ಕಾಸ್ಟಿಕ್ ಸೋಡಾ, ಮತ್ತೆ ನೀರು. ಆದರೆ ಹಸುವಿಗೆ ಯುಗಾದಿಯೂ ಇಲ್ಲ, ಭಾನುವಾರವೂ ಇಲ್ಲ. ಎಂಟು ತಿಂಗಳಲ್ಲಿ ನನಗೂ ಇರಲಿಲ್ಲ.

ನೀರಿನ ಟ್ಯಾಂಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರ ಬೇಸಿಗೆಯಲ್ಲಿ ಚನ್ನಗಿರಿ, ಹೊಳಲ್ಕೆರೆ ಕಡೆ ಬೋರು ಬತ್ತಿ ಅಡಿಕೆ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಟ್ರಿಪ್ಪಿಗೆ ಇಷ್ಟು ಎಂದು ಕೈಗೇ ದುಡ್ಡು. ರಾತ್ರಿ ಮನೆಯ ಊಟ. ಆದರೆ ಗಾಡಿ ಎಂದರೆ ಬೇರೆಯವರು ಓಡಿಸಿ ಬಿಟ್ಟ ಗಾಡಿ, ಅದರ ಮೇಲೆ ಊರಲ್ಲೇ ವೆಲ್ಡ್ ಮಾಡಿಸಿದ ಟ್ಯಾಂಕು. 12,000 ಲೀಟರ್ ನೀರು ಎಂದರೆ 12 ಟನ್, ಬ್ರೇಕು ದೇವರಿಗೆ ಪ್ರೀತಿ. ಮೇ ತಿಂಗಳಲ್ಲಿ ಮಳೆ ಬಿತ್ತು. ತೋಟದವರು ಕೈ ಮುಗಿದರು, ನನ್ನ ಕೆಲಸ ಹೋಯಿತು. ಮಳೆ ಬಂದಿದ್ದಕ್ಕೆ ಬೇಜಾರು ಮಾಡಿಕೊಂಡ ಒಬ್ಬನೇ ಮನುಷ್ಯ ನಾನಿರಬೇಕು.

ಪೆಟ್ರೋಲ್ ಟ್ಯಾಂಕರ್ ಎಂದಾಗ ಮನೆಯಲ್ಲಿ ಜಗಳವೇ ಆಯಿತು. "ಬಾಂಬ್ ಬೆನ್ನಿಗೆ ಕಟ್ಗೊಂಡು ಅಡ್ಡಾಡ್ತೀರೇನು?" ಎಂದಳು ಹೆಂಡತಿ. 2013ರಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿಕೊಂಡಿದ್ದನ್ನು ಟಿವಿಯಲ್ಲಿ ನೋಡಿದ್ದು ಅವಳಿಗೆ ಇನ್ನೂ ನೆನಪಿದೆ. ಅದು ಗ್ಯಾಸು, ಇದು ಬೇರೆ ಎಂದೆ. ಸಮಾಧಾನ ಆಗಲಿಲ್ಲ. ನನಗೂ ಆಗಿರಲಿಲ್ಲ.

ಇದನ್ನು ಓಡಿಸಲು ಹೆವಿ ಲೈಸೆನ್ಸ್ ಒಂದೇ ಸಾಲದು. ಅಪಾಯಕಾರಿ ಸರಕಿಗೆಂದು ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಬರೆಸಿಕೊಳ್ಳಬೇಕು. ಕನ್ನಡದಂಥ ಒಂದು ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕೆಂದು ನಿಯಮವೇ ಇದೆ. ನನ್ನ ಓರಗೆಯ ಒಳ್ಳೊಳ್ಳೆ ಡ್ರೈವರ್‌ಗಳು ಇಲ್ಲೇ ಹಿಂದೆ ಸರಿದರು. ಟ್ಯಾಂಕಿನ ಮೇಲಿನ ಬೋರ್ಡಿನಲ್ಲಿ 1203 ಎಂದಿದ್ದರೆ ಪೆಟ್ರೋಲ್, 1202 ಎಂದಿದ್ದರೆ ಡೀಸೆಲ್. ಇಷ್ಟು ವರ್ಷ ಇಂಥ ಗಾಡಿಗಳ ಹಿಂದೆ ಹೋಗುತ್ತಾ ಆ ನಂಬರ್ ಏನೋ ಗಾಡಿಯ ಲೆಕ್ಕ ಇರಬೇಕು ಎಂದುಕೊಂಡಿದ್ದೆ.

ಓಡಿಸಲು ಕೂತ ಮೇಲೆ ಆಶ್ಚರ್ಯ ಕಾದಿತ್ತು. ಇದು ಹಾಲಿಗಿಂತ ಸುಲಭ! ಟ್ಯಾಂಕ್ ಒಂದೇ ಅಲ್ಲ, ಒಳಗೆ ಖಾನೆಗಳಿವೆ. ನನ್ನ ಗಾಡಿಯಲ್ಲಿ ನಾಲ್ಕು ನಾಲ್ಕು ಸಾವಿರ ಲೀಟರಿನ ಮೂರು. ಹಾಸನದ ಟರ್ಮಿನಲ್‌ನಲ್ಲಿ, ಅಂದರೆ ಎಣ್ಣೆ ಡಿಪೊದಲ್ಲಿ, ಪ್ರತಿ ಖಾನೆಯನ್ನೂ ಗುರುತಿನವರೆಗೆ ತುಂಬಿಯೇ ಹೊರಡುವುದು. ಪಂಪಿಗೆ ಬಂದರೆ ಖಾನೆಯನ್ನು ಪೂರ್ತಿ ಇಳಿಸುತ್ತೇವೆ. ಅಂದರೆ ಖಾನೆ ತುಂಬಿರುತ್ತದೆ, ಇಲ್ಲವೇ ಖಾಲಿ. ಅರ್ಧ ಎಂಬುದೇ ಇಲ್ಲ. ತೂಕವೂ ಕಡಿಮೆ. 12,000 ಲೀಟರ್ ಹಾಲು 12 ಟನ್ ದಾಟುತ್ತದೆ, ಅಷ್ಟೇ ಪೆಟ್ರೋಲ್ 9 ಟನ್ ಆಸುಪಾಸು. ಓವರ್‌ಲೋಡ್ ಎಂಬ ಮಾತೇ ಇಲ್ಲ, ಮಾಲೀಕನಿಗೆ ಆಸೆ ಇದ್ದರೂ ಹಿಡಿಸುವುದಿಲ್ಲ. ಮಂಗಳೂರಿನಿಂದ ಹಾಸನದವರೆಗೆ ಎಣ್ಣೆ ಪೈಪಿನಲ್ಲೇ ಬರುವುದರಿಂದ ಶಿರಾಡಿ ಘಾಟಿಯ ಕಾಟವೂ ನನಗಿಲ್ಲ. ಅರಸೀಕೆರೆ, ಕಡೂರು, ಬೀರೂರು ದಾಟಿ ಮನೆ ಕಡೆಗೆ. ಆಷಾಢದಲ್ಲಿ ಚಿತ್ರದುರ್ಗದ ಗಾಳಿ ಗೊತ್ತಲ್ಲ, ಗಾಳಿಗಿರಣಿ ಸುಮ್ನೆ ನೆಟ್ಟಿಲ್ಲ ಅಲ್ಲಿ. ಟಾರ್ಪಾಲು ಕಟ್ಟಿದ ಲಾರಿಯನ್ನು ಆ ಗಾಳಿ ಪಕ್ಕಕ್ಕೆ ಎಳೆಯುತ್ತಿತ್ತು. ದುಂಡು ಟ್ಯಾಂಕಿನ ಮೇಲೆ ಜಾರಿ ಹೋಗುತ್ತದೆ.

ಹಾಗಾದರೆ ಕಷ್ಟ ಎಲ್ಲಿ? ಗಾಡಿ ನಿಂತ ಮೇಲೆ.

ಹಾಲಿನವನು ಸೀಲ್ ತೋರಿಸಿ ಟೀ ಕುಡಿಯಲು ಹೋಗುತ್ತಾನೆ. ಇಲ್ಲಿ ಹಾಗಲ್ಲ. ಎಂಜಿನ್ ಆಫ್, ಬ್ಯಾಟರಿ ಸ್ವಿಚ್ ಆಫ್, ಕಿಡಿ ಹಾರದಂತೆ ಅರ್ಥಿಂಗ್ ಕ್ಲಿಪ್ ಹಾಕಬೇಕು, ಎಣ್ಣೆ ನೆಲೆಗೊಳ್ಳಲು ಕಾಯಬೇಕು. ಮೇಲೆ ಹತ್ತಿ ಎಣ್ಣೆಯ ಮಟ್ಟ ಅಳೆಯುವ ಡಿಪ್ ಕಡ್ಡಿ ಇಳಿಸಬೇಕು. ಕಡ್ಡಿಗೆ ಹಚ್ಚಿದ ಪೇಸ್ಟ್ ಬಣ್ಣ ತಿರುಗಿದರೆ ತಳದಲ್ಲಿ ನೀರಿದೆ ಎಂದರ್ಥ. ಈಗಂತೂ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ನೀರು ಜಾಸ್ತಿ ಸೇರಿದರೆ ಎಥನಾಲ್ ಅದರ ಜೊತೆ ಹೋಗಿ ತಳ ಸೇರುತ್ತದೆ. ನಾನು ಹೊತ್ತ ಮೆಕ್ಕೆಜೋಳದಿಂದಲೂ ಈಗ ಎಥನಾಲ್ ತೆಗೆಯುತ್ತಾರೆ. ಬಿಟ್ಟೆ ಅಂದರೂ ಜೋಳ ನನ್ನನ್ನು ಬಿಟ್ಟಿಲ್ಲ. ಆಮೇಲೆ ಜಾರಿನಲ್ಲಿ ಎಣ್ಣೆ ಹಿಡಿದು ಡೆನ್ಸಿಟಿ (ಸಾಂದ್ರತೆ) ನೋಡುತ್ತಾರೆ. ಡಿಪೊದ ಚಲನ್‌ನಲ್ಲಿ ಬರೆದದ್ದಕ್ಕೂ ಇದಕ್ಕೂ ಘನ ಮೀಟರಿಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲೋಡು ಇಳಿಸಿಕೊಳ್ಳುವುದಿಲ್ಲ.

ಮೊದಲ ತಿಂಗಳಲ್ಲೇ ಒಂದು ಪಂಪಿನಲ್ಲಿ ಎಣ್ಣೆ ಕಡಿಮೆ ಎಂದು ನನ್ನ ಬತ್ತಾ ಹಿಡಿದರು. ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿದ್ದೆ, ಮಾರನೆಯ ಬೆಳಿಗ್ಗೆ ತಂಪಲ್ಲಿ ಇಳಿಸಿದ್ದೆ. ಪೆಟ್ರೋಲ್ ತಣ್ಣಗಾದರೆ ಕುಗ್ಗುತ್ತದೆ, 4,000 ಲೀಟರಿನ ಖಾನೆಯಲ್ಲಿ ಒಂದು ಡಿಗ್ರಿಗೆ ನಾಲ್ಕು ಲೀಟರ್ ಹತ್ತಿರ. ಆಗ ನನಗೆ ಇದು ತಿಳಿದಿರಲಿಲ್ಲ, ತಲೆ ತಗ್ಗಿಸಿಕೊಂಡು ಬಂದೆ. ಡಿಪೊದಲ್ಲಿ ಹಿರಿಯ ಡ್ರೈವರ್ ಒಬ್ಬರು, "ತಮ್ಮಾ, ತುಂಬುವಾಗಿನ ಟೆಂಪರೇಚರ್ ಬರ್ಕೊಂಡಿದ್ಯಾ? ಇಲ್ವಾ? ಹಂಗಾದ್ರೆ ಕಟ್ಟು" ಎಂದರು. ಈಗ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇದೆ. ಹಾಲಿನಲ್ಲಿ ಡ್ರೈವಿಂಗ್ ಕಲಿತೆ, ಪೆಟ್ರೋಲಿನಲ್ಲಿ ಲೆಕ್ಕ ಕಲಿತೆ.

ಇನ್ನೊಂದು: ಖಾಲಿ ಪೆಟ್ರೋಲ್ ಟ್ಯಾಂಕರ್ ಖಾಲಿಯಲ್ಲ. ಒಳಗೆ ಆವಿ ಇರುತ್ತದೆ. ಕಿಡಿಗೆ ಹೊತ್ತಿಕೊಳ್ಳುವ ಮಾತು ಬಂದರೆ ತುಂಬಿದ ಟ್ಯಾಂಕಿಗಿಂತ ಖಾಲಿಯದಕ್ಕೇ ಹೆದರಬೇಕು. ಹಾಗಾಗಿ ವಾಪಸ್ ಹೋಗುವಾಗಲೂ ಬೀಡಿ ಇಲ್ಲ. ಲಾರಿಯಲ್ಲಿದ್ದ ಸ್ಟವ್ ಮನೆಯ ಅಟ್ಟ ಸೇರಿತು. ಹೊಳೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಕ್ಲೀನರ್ ಹುಡುಗ ಮಾಡುತ್ತಿದ್ದ ಅನ್ನ, ಬದನೆಕಾಯಿ ಪಲ್ಯ ಇವತ್ತಿಗೂ ನೆನಪಾಗುತ್ತದೆ. ಈ ಕೆಲಸದಲ್ಲಿ ನನಗೆ ನಿಜಕ್ಕೂ ನಷ್ಟ ಎನಿಸಿದ್ದು ಅದೊಂದೇ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಒಳ್ಳೆಯ ಸೀಸನ್ನಿನಲ್ಲಿ ಜೋಳದ ಲಾರಿಯೇ ಜಾಸ್ತಿ ಕೊಡುತ್ತಿತ್ತು. ಆಮೇಲೆ ನಾಲ್ಕು ತಿಂಗಳು ನೊಣ ಹೊಡೆಯುವುದು. ಪೆಟ್ರೋಲಿನಲ್ಲಿ ತಿಂಗಳ ಸಂಬಳ ಗಟ್ಟಿ, ಟ್ರಿಪ್ಪಿಗೆ ಬತ್ತಾ. ಹಾಲಿನಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ, ನಿದ್ದೆ ಬಹಳ ಕಡಿಮೆ. ಡಿಪೊ ಮುಂದಿನ ಕ್ಯೂ ಇದೆಯಲ್ಲ, ಅದನ್ನು ಕೂಲಿ ಎಂದು ಯಾರೂ ಎಣಿಸುವುದಿಲ್ಲ. ಅಲ್ಲೇ ನನ್ನ ನಿದ್ದೆ.

ಹೋದ ತಿಂಗಳು ಹಳೆಯ ಹಾಲಿನ ಗಾಡಿಯ ಮಾಲೀಕರು ಫೋನ್ ಮಾಡಿದ್ದರು. ಸಂಬಳ ಏರಿಸುತ್ತೇನೆ, ಬಾ ಎಂದರು. ಡೇರಿಯಿಂದ ಡೇರಿಗೆ ಫುಲ್ ಲೋಡಾದರೆ ಬರುತ್ತೇನೆ, ಯಾವ ಲೈನು ಸಾವ್ಕಾರ್ರೆ ಎಂದು ಕೇಳಿದೆ.

"ಅದೇ, ಹಳ್ಳಿ ಸುತ್ತೋದು."

ಬೇಡ ಎಂದೆ.