ಇಬಿ-1ಎ ಡಿನೈ ಆದ್ಮೇಲೆ ಹಿಡಿದ ಲಾಯರ್ ಸರ್ವೀಸ್: 5ಕ್ಕೆ 4 ಸ್ಟಾರ್

ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದೀನಿ. ನಮ್ಮ ತಮ್ಮ ಅಮೆರಿಕದಲ್ಲಿ ಆಲೂಗಡ್ಡೆ ಅಂಗಮಾರಿ ರೋಗದ ಮೇಲೆ ರಿಸರ್ಚ್ ಮಾಡ್ತಾನೆ, ಆ ರೋಗ ಏನು ಅಂತ ಹಾಸನದವರಿಗೆ ಹೇಳ್ಬೇಕಾಗಿಲ್ಲ ಬಿಡಿ. ಇಬಿ-1ಎ ಅಂದ್ರೆ ತಮ್ಮ ಕ್ಷೇತ್ರದಲ್ಲಿ ಅಸಾಧಾರಣ ಸಾಧನೆ ಮಾಡಿದವರಿಗೆ ಇರೋ ಗ್ರೀನ್ ಕಾರ್ಡ್ ದಾರಿ, ಅದ್ರಲ್ಲಿ ಅವನು ಹಾಕಿದ್ದ ಪಿಟಿಷನ್ ರಿಜೆಕ್ಟ್ ಆಯ್ತು, ಊರಲ್ಲಿರೋ ಅಕ್ಕ ಅಂತ ಇಲ್ಲಿನ ಪೇಪರ್ ಓಡಾಟ ಎಲ್ಲ ನನ್ನ ತಲೆಗೆ ಬಿತ್ತು.

ಮೊದ್ಲು ಹಾಕ್ಸಿದ್ದು ಬೇರೆ ಕನ್ಸಲ್ಟೆಂಟ್ ಕೈಲಿ. ಹತ್ತು ಕ್ರೈಟೀರಿಯಾದಲ್ಲಿ ಮೂರು ತೋರ್ಸಿದ್ರೆ ಸಾಕು, ಆದ್ರೆ ಆ ಪುಣ್ಯಾತ್ಮ ಜಾಸ್ತಿ ಇದ್ರೆ ಒಳ್ಳೇದು ಅಂತ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿನೂ ತುರುಕಿದ್ದ, ಶಾಲು ಪೇಟ ಹಾರದ ಫೋಟೋ ಸಮೇತ. ಅಲ್ಲಿ ಕೇಳೋದು ದೇಶ ಮಟ್ಟದಲ್ಲಾದ್ರೂ ಹೆಸರಿರೋ ಪ್ರಶಸ್ತಿ, ಜಿಲ್ಲಾಡಳಿತದ್ದು ಯಾರು ಲೆಕ್ಕಕ್ಕೆ ಇಟ್ಕೋತಾರೆ?

ಈ ಹೊಸ ಲಾಯರ್ ಮೇಡಂ ಇಷ್ಟ ಆಗಿದ್ದು ಯಾಕೆ ಅಂದ್ರೆ ಫೀಸ್ ಹೇಳೋಕೆ ಮುಂಚೆ ಡಿನೈಯಲ್ ಲೆಟರ್ ಪೂರ್ತಿ ಓದಿದ್ರು. ಪ್ರಶಸ್ತಿ ವಿಷ್ಯ ಬಿಟ್ಬಿಡಿ, ಅದ್ರಲ್ಲಿ ಆಫೀಸರ್ ಹೇಳಿದ್ದೇ ಸರಿ ಅಂದ್ರು. ಬೇರೆಯವರ ಪೇಪರ್ ರಿವ್ಯೂ ಮಾಡಿದ್ದು, ಜರ್ನಲ್ ಆರ್ಟಿಕಲ್ ಬರೆದಿದ್ದು ಎರಡನ್ನ ಆಫೀಸರ್ ಒಪ್ಪಿದಾರೆ, ಆದ್ರೆ ಒರಿಜಿನಲ್ ಕಾಂಟ್ರಿಬ್ಯೂಷನ್, ಅಂದ್ರೆ ಕ್ಷೇತ್ರಕ್ಕೆ ಇವನದೇ ಹೊಸ ಕೊಡುಗೆ ಅನ್ನೋ ಕಡೆ ನಾವು ಕೊಟ್ಟ ಎಕ್ಸ್‌ಪರ್ಟ್ ಲೆಟರ್‌ಗಳ ಬಗ್ಗೆ ಒಂದು ಮಾತೂ ಬರೀದೆ ಇಲ್ಲ ಅಂದ್ಬಿಟ್ಟಿದಾರೆ, ಅಪೀಲಿಗೆ ಜಾಗ ಇರೋದು ಅಲ್ಲೇ ಅಂತ ಬೆರಳಿಟ್ಟು ತೋರ್ಸಿದ್ರು. ಐ-290ಬಿ ಅನ್ನೋ ಅಪೀಲ್ ಫಾರ್ಮ್ 30 ದಿನದೊಳಗೆ ಹಾಕ್ಬೇಕು, ಲೆಟರ್ ಪೋಸ್ಟಲ್ಲಿ ಬಂದಿದ್ರೆ 33. ಸರ್ಕಾರಿ ಫೀ 800 ಡಾಲರ್. ಮೊದ್ಲು ರಿಜೆಕ್ಟ್ ಮಾಡಿದ ಆಫೀಸೇ ಇನ್ನೊಂದ್ಸಲ ನೋಡುತ್ತೆ, ಅವ್ರು ಜಗ್ಗದಿದ್ರೆ ಫೈಲು ಎಎಒಗೆ, ಅಂದ್ರೆ ಅಪೀಲು ನೋಡೋ ಮೇಲಿನ ಆಫೀಸಿಗೆ ಹೋಗುತ್ತೆ. ದುಡ್ಡು ಕಟ್ಟಿ ಬೇಗ ಮಾಡಿಸ್ಕೊಳ್ಳೋ ಪ್ರೀಮಿಯಂ ಪ್ರೊಸೆಸಿಂಗ್ ಅಪೀಲಿಗೆ ಇಲ್ಲ.

ಜೊತೆಗೆ ಹೊಸ ಪಿಟಿಷನ್ನೂ ಹಾಕ್ಸಿದ್ರು. ಎರಡೆರಡು ಖರ್ಚು ಯಾಕೆ ಮೇಡಂ ಅಂತ ನಾನೇ ಕೇಳ್ದೆ. ಇಂಡಿಯಾದವರಿಗೆ ಇಬಿ-1ರಲ್ಲೂ ಕ್ಯೂ ಇದೆ, ಅಪೀಲ್ ಗೆದ್ರೆ ಕ್ಯೂನಲ್ಲಿ ಹಳೇ ಡೇಟೇ ಉಳಿಯುತ್ತೆ, ಆದ್ರೆ ಆರ್‌ಎಫ್‌ಇಲಿ (ಇನ್ನಷ್ಟು ದಾಖಲೆ ಕೊಡಿ ಅಂತ ಆಫೀಸಿಂದ ಬರೋ ನೋಟೀಸು) ಕೇಳಿದಾಗ ಕೊಡದೇ ಇದ್ದ ದಾಖಲೆನ ಈಗ ಅಪೀಲಲ್ಲಿ ಇಟ್ರೆ ನೋಡಲ್ಲ, ಅದಕ್ಕೆ ಹೊಸ ಪಿಟಿಷನ್ನೇ ದಾರಿ ಅಂದ್ರು.

ಆ ದಾಖಲೆ ಅಂದ್ರೆ ನಮ್ಮೂರ ಪೇಪರ್ ಕಟಿಂಗು. ಹಳೇ ಕನ್ಸಲ್ಟೆಂಟ್ ಬರೀ ನಾಲ್ಕು ಸಾಲು ಸಾರಾಂಶ ಇಂಗ್ಲಿಷಲ್ಲಿ ಕೊಟ್ಟಿದ್ದ. ನಿಯಮ ಪ್ರಕಾರ ಇಡೀ ಸುದ್ದಿ ಅನುವಾದ ಆಗ್ಬೇಕು, ಅನುವಾದ ಮಾಡಿದವ್ರು ಇದು ಪೂರ್ತಿ ಇದೆ ಸರಿ ಇದೆ, ನಂಗೆ ಎರಡೂ ಭಾಷೆ ಬರುತ್ತೆ ಅಂತ ಬರೆದು ಸೈನ್ ಹಾಕ್ಬೇಕು, ಅಷ್ಟೇ. ಬಿ.ಎಂ. ರೋಡಿನ ಡಿಟಿಪಿ ಅಂಗಡಿಯವ್ರು ಅಕ್ಕಾ ಸ್ಟಾಂಪ್ ಪೇಪರ್ ಬೇಕು, ನೋಟರಿ ಆಗ್ಬೇಕು ಅಂತ ಶುರು ಮಾಡಿದ್ರು, ಮೇಡಂ ಫೋನಲ್ಲೇ ಯಾವುದೂ ಬೇಡ ಅಂದು ಆ ದುಡ್ಡು ಉಳ್ಸಿದ್ರು. ಇನ್ನೊಂದು ತಮಾಷೆ: ಸುದ್ದಿಯ ತಲೆಬರಹ, ತಾರೀಖು, ಬರೆದವರ ಹೆಸರು ಮೂರೂ ಇರ್ಬೇಕಂತೆ, ನಮ್ಮ ಕಟಿಂಗಲ್ಲಿ ಹೆಸರಿನ ಜಾಗದಲ್ಲಿ "ನಮ್ಮ ಪ್ರತಿನಿಧಿಯಿಂದ" ಅಂತಿದೆ! ಹೆಂಗಿದ್ರೂ ಜಿಲ್ಲಾ ಪೇಪರನ್ನ ಅವರು ಮೇಜರ್ ಮೀಡಿಯಾ ಅಂತ ಒಪ್ಪೋದು ಕಷ್ಟ ಅಂತ ಮೇಡಂ ಅದನ್ನ ಕೊನೇಲಿ ಸುಮ್ನೆ ಬೆಂಬಲಕ್ಕೆ ಇಟ್ಟು, ಇವನ ಕೆಲಸ ಬೇರೆ ವಿಜ್ಞಾನಿಗಳು ಎಲ್ಲೆಲ್ಲಿ ಬಳಸಿದಾರೆ ಅನ್ನೋದನ್ನ ಮುಂದೆ ತಂದ್ರು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದ್ರೆ ಸೈನ್ ಆಗೋವರೆಗೂ ಮೇಡಂ ಸಿಕ್ತಾರೆ, ಆಮೇಲೆ ಬರೀ ಅಸಿಸ್ಟೆಂಟ್ ಮೇಲ್, ಕಾಲ್ ಬಂದ್ರೆ ನಡುರಾತ್ರಿ. ಅನುವಾದ ಮಾಡಿದ್ದು ಇಲ್ಲಿನ ಕಾಲೇಜ್ ಮೇಡಂ, ಆದ್ರೂ ಟ್ರಾನ್ಸ್‌ಲೇಷನ್ ರಿವ್ಯೂ ಅಂತ ಬಿಲ್ಲಲ್ಲಿ ಬೇರೆ ಹಾಕಿದ್ರು, ಕೇಳಿದ್ಮೇಲೆ ಅರ್ಧ ಇಳ್ಸಿದ್ರು.

ಎಎಒ ಆ ಲೆಟರ್‌ಗಳನ್ನ ನೋಡಿ ಮತ್ತೆ ತೀರ್ಮಾನ ಮಾಡಿ ಅಂತ ಕೇಸನ್ನ ಹಳೇ ಆಫೀಸಿಗೇ ವಾಪಸ್ ಕಳ್ಸಿದೆ. ಗೆದ್ದಂಗಲ್ಲ, ಇನ್ನೂ ಕಾಯ್ತಿದೀವಿ. ಆದ್ರೂ ಯಾರಾದ್ರೂ ಕೇಳಿದ್ರೆ ಇವರ ನಂಬರ್ ಕೊಡ್ತೀನಿ, ಬಿಲ್ ಮಾತ್ರ ಸಾಲು ಸಾಲು ಓದಿ ಕಟ್ಟಿ.