ಫ್ರೀ ಕಾಯಿನ್ ಆಪ್‌ಗಳು: ಸ್ಕ್ರೀನಿಗೆ ಬಂದಿದ್ದೆಷ್ಟು, ಖಾತೆಗೆ ಬಿದ್ದಿದ್ದೆಷ್ಟು

ಫ್ರೀ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಕಾಯಿನ್ ಪುಕ್ಕಟೆ ಸಿಗುತ್ತದೆ ಅನ್ನೋದು ಪೂರ್ತಿ ಸುಳ್ಳಲ್ಲ. ಬರುತ್ತದೆ. ಆದರೆ ಆಪ್‌ನಲ್ಲಿ ಬರುವುದು ಬೇರೆ, ಬ್ಯಾಂಕ್ ಖಾತೆಗೆ ಬರುವುದು ಬೇರೆ. "ಸುಮ್ನೆ ಕೂತು ದುಡಿಯಿರಿ" ಅಂತ ವಿಡಿಯೊ ಮಾಡುವವರು ಕಾಯಿನ್ ಬ್ಯಾಲೆನ್ಸ್ ತೋರಿಸುತ್ತಾರೆ, ಬ್ಯಾಂಕಿನ ಮೆಸೇಜ್ ತೋರಿಸುವುದಿಲ್ಲ. ನೋಡಿ ಬೇಕಾದರೆ.

ನಾನು ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್ ಮುಗಿದರೆ ಮಧ್ಯಾಹ್ನ ಕೈ ಖಾಲಿ, ಕೈಯಲ್ಲಿ ಫೋನು. ಇಲ್ಲಿ ರೈತರಿಗೆ ಪಟ್ಟಿ ಕೊಟ್ಟರೆ ಅವರ ಕಣ್ಣು ಮೇಲಿನ ರೇಟಿಗೆ ಹೋಗುವುದಿಲ್ಲ, ಕಡಿತವೆಲ್ಲ ಕಳೆದು ಕೆಳಗೆ ಏನು ಬರೆದಿದೆ ಅನ್ನೋದಕ್ಕೆ ಹೋಗುತ್ತದೆ. ಈ ಆಪ್‌ಗಳನ್ನೂ ನಾನು ಹಾಗೇ ಓದುತ್ತೇನೆ. ಹಾಕಿದ ದಿನವೇ ವಿತ್‌ಡ್ರಾ ಪುಟ ತೆಗೆಯುತ್ತೇನೆ. ಕನಿಷ್ಠ ಎಷ್ಟಿರಬೇಕು, ಫೀ ಎಷ್ಟು, ಕಾಯಿನ್ ಕಳಿಸುವುದು ಯಾವ ನೆಟ್‌ವರ್ಕ್‌ನಲ್ಲಿ, ಕೆವೈಸಿ ಯಾವಾಗ ಕೇಳುತ್ತಾರೆ. ಇಷ್ಟು ಗೊತ್ತಾಗದಿದ್ದರೆ ಟಾಸ್ಕ್ ಮುಟ್ಟುವುದಿಲ್ಲ.

ಮೊದಲು ಫಾಸೆಟ್‌ಗಳು. ಕ್ಯಾಪ್ಚಾ ತುಂಬಿದರೆ ನಾಲ್ಕೈದು ಸತೋಶಿ (ಬಿಟ್‌ಕಾಯಿನ್‌ನ ಅತಿ ಸಣ್ಣ ಚೂರು) ಹಾಕುವ ಸೈಟ್‌ಗಳಿವು. ಇವು ಹುಟ್ಟಿದಾಗ ಉದ್ದೇಶ ಬೇರೆಯೇ ಇತ್ತು. 2010ರಲ್ಲಿ ಗ್ಯಾವಿನ್ ಆಂಡ್ರೆಸನ್ ಎಂಬ ಪ್ರೋಗ್ರಾಮರ್ ತನ್ನ ಸೈಟಿಗೆ ಬಂದವರಿಗೆಲ್ಲ 5 ಬಿಟ್‌ಕಾಯಿನ್ ಪುಕ್ಕಟೆ ಕೊಡುತ್ತಿದ್ದರು, ಜನ ಬಳಸಿ ನೋಡಲಿ ಅಂತ. ಅದೇ ವರ್ಷ ಮೇ ತಿಂಗಳಲ್ಲಿ 10,000 ಬಿಟ್‌ಕಾಯಿನ್‌ಗೆ ಎರಡು ಪಿಜ್ಜಾ ಬಂದಿದ್ದವು, ಹಾಗಾಗಿ 5 ಅಂದರೆ ಚಿಲ್ಲರೆಯೂ ಅಲ್ಲ. ಈಗಿನ ಫಾಸೆಟ್‌ಗಳು ಬದುಕುವುದು ಜಾಹೀರಾತಿನ ಮೇಲೆ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಬಿಟ್‌ಕಾಯಿನ್ ಬೆಲೆ ಒಂದು ಕೋಟಿ ರೂಪಾಯಿ ಅಂತಲೇ ಹಿಡಿಯಿರಿ, 10 ಸತೋಶಿ ಸೇರಿದರೆ ಒಂದು ರೂಪಾಯಿ. ಅಂದರೆ ಮೂರು ಜಾಹೀರಾತು ಮುಚ್ಚಿ, ಟ್ರಾಫಿಕ್ ಲೈಟ್ ಇರುವ ಚೌಕಗಳನ್ನೆಲ್ಲ ಒತ್ತಿ, ಐವತ್ತು ಪೈಸೆ. ನಾನು ಜಾಸ್ತಿ ದಿನ ಬಳಸಿದ ಫಾಸೆಟ್ ಒಂದಿತ್ತು, ಹೆಸರು ಬೇಡ. ವಿತ್‌ಡ್ರಾ ಮಿತಿಯ ಹತ್ತಿರ ಬರುವಾಗ ಮಿತಿಯನ್ನೇ ಮೇಲೆ ಏರಿಸಿದರು. ಅದಾದ ಮೇಲೆ ತುಂಬ ದಿನ ತೆಗೆಯದೆ ಇರುವ ಖಾತೆಯ ಬ್ಯಾಲೆನ್ಸ್ ಸೊನ್ನೆ ಮಾಡುತ್ತೇವೆ ಅಂತ ಒಂದು ಮೇಲ್. ಫೋನಿನ ಬ್ಯಾಟರಿ ಲೆಕ್ಕ ಹಾಕಿದರೆ ಅದು ನನಗೇ ಸಾಲ ಬಿದ್ದ ಹಾಗೆ. ಫಾಸೆಟ್‌ಗೆ ಐದರಲ್ಲಿ ಅರ್ಧ ಸ್ಟಾರ್.

ಇನ್ನು ಸ್ಕ್ರೀನ್ ಒತ್ತಿ ಒತ್ತಿ ಕಾಯಿನ್ ಕೂಡಿಸುವ ಆಟಗಳು. 2024ರಲ್ಲಿ ಇದು ಹಾಸ್ಟೆಲ್ ಹುಡುಗರಿಗೆಲ್ಲ ಅಂಟಿಕೊಂಡಿತ್ತು. ವಿದ್ಯಾನಗರದ ಟೀ ಅಂಗಡಿ ಮುಂದೆ ನಿಂತವರಲ್ಲಿ ಅರ್ಧ ಜನ ಒಂದು ಕೈಲಿ ಲೋಟ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಲ್ಲಿ ಪಟಪಟ ಬಡಿಯುತ್ತಿದ್ದರು. ಟೆಲಿಗ್ರಾಮ್‌ನಲ್ಲಿ ಮೊದಲು ನಾಟ್‌ಕಾಯಿನ್ ಬಂತು. ಜನವರಿಯಲ್ಲಿ ಶುರುವಾಗಿ ಮೇ ತಿಂಗಳಲ್ಲೇ ಎಕ್ಸ್‌ಚೇಂಜ್‌ಗೆ (ಕಾಯಿನ್ ಕೊಂಡು ಮಾರುವ ಆಪ್‌ಗೆ) ಬಂತು, ಬೇಗ ಮುಗಿಸಿದರು ಅನ್ನೋದನ್ನು ಒಪ್ಪಬೇಕು. ಆದರೆ ಆಟದೊಳಗಿನ ಸಾವಿರ ಕಾಯಿನ್‌ಗೆ ಹೊರಗೆ ಮಾರಲು ಬರುವ ಒಂದೇ ಟೋಕನ್. ಲಕ್ಷ ಕೂಡಿಸಿಟ್ಟು ಕುಣಿಯುತ್ತಿದ್ದವರಿಗೆ ನೂರು. ಆಮೇಲೆ ಹ್ಯಾಮ್‌ಸ್ಟರ್ ಕಾಂಬ್ಯಾಟ್. 30 ಕೋಟಿ ಜನ ಆಡಿದ್ದಾರೆ ಅಂತ ಅವರೇ ಹೇಳಿಕೊಂಡರು. ಸೆಪ್ಟೆಂಬರ್ 26ಕ್ಕೆ ಟೋಕನ್ ಬಂದಾಗ ಒಂದರ ಬೆಲೆ ಹೆಚ್ಚುಕಡಿಮೆ ಒಂದು ಸೆಂಟ್, ಅದರಲ್ಲೂ ಸ್ವಲ್ಪ ಭಾಗವನ್ನು ತಿಂಗಳುಗಟ್ಟಲೆ ಆಮೇಲೆ ಕೊಡುತ್ತೇವೆ ಅಂದರು. ಅಷ್ಟು ಜನಕ್ಕೆ ಹಂಚಿದರೆ ಇನ್ನೇನು ಸಿಗುತ್ತದೆ? ಆಡುವವರು ಜಾಸ್ತಿಯಾದಷ್ಟೂ ಪಾಲು ಸಣ್ಣದು, ಆದರೆ ಆಪ್ ಮಾತ್ರ ಇನ್ನೂ ಹತ್ತು ಜನರನ್ನು ಕರೆತಾ ಅನ್ನುತ್ತದೆ.

ಪೈ ಅಂದರೆ ಫೋನಿನಲ್ಲೇ ದಿನಾ ಒತ್ತಿ ಕೂಡಿಸುವ ಇನ್ನೊಂದು ಕಾಯಿನ್. ಅದರ ಬಗ್ಗೆ ಕೇಳುವವರು ನಮ್ಮ ಊರಲ್ಲಿ ತುಂಬ ಜನ, ಅದರಲ್ಲೂ ಐವತ್ತು ದಾಟಿದವರು. 2019ರ ಮಾರ್ಚ್ 14ರಂದು ಶುರುವಾಯಿತು, ಹೊರಗೆ ವ್ಯವಹಾರ ಮಾಡಲು ನೆಟ್‌ವರ್ಕ್ ತೆರೆದಿದ್ದು 2025ರ ಫೆಬ್ರವರಿ 20ಕ್ಕೆ. ಹೆಚ್ಚುಕಡಿಮೆ ಆರು ವರ್ಷ. ಬೆಲೆ ಮೊದಲ ವಾರ ಹಾರಿತು, ಮಾರ್ಚ್ ಮುಗಿಯುವುದರೊಳಗೆ ಒಂದು ಡಾಲರ್‌ಗಿಂತ ಕೆಳಗೆ ಬಂತು. ದಿನಕ್ಕೊಂದು ಸಲ ಮಿಂಚಿನ ಗುರುತು ಒತ್ತುವುದರಲ್ಲಿ ಕಷ್ಟವೇನಿಲ್ಲ, ಒತ್ತುವವರು ಒತ್ತಲಿ. ಆದರೆ ಮಗಳ ಮದುವೆ ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿದ ಮಾವನವರೊಬ್ಬರಿದ್ದಾರೆ, ಅವರಿಗೆ ನಾನು ಏನೂ ಹೇಳುವುದಿಲ್ಲ.

ನಿಜವಾಗಿ ಕೈಗೆ ಸಿಕ್ಕಿದ್ದು ಎರಡರಿಂದ. ಒಂದು, ಓದಿ ಗಳಿಸುವ ಟಾಸ್ಕ್. ಎಕ್ಸ್‌ಚೇಂಜ್‌ಗಳೇ ಹೊಸ ಕಾಯಿನ್ ಬಗ್ಗೆ ಸಣ್ಣ ಪಾಠ ಕೊಟ್ಟು, ನಾಲ್ಕೈದು ಪ್ರಶ್ನೆ ಕೇಳಿ, ಸರಿ ಉತ್ತರಕ್ಕೆ ಒಂದಿಷ್ಟು ಕಾಯಿನ್ ಹಾಕುತ್ತವೆ. ಕೆವೈಸಿ ಮೊದಲೇ ಆಗಿರುವುದರಿಂದ ವಿತ್‌ಡ್ರಾಗೆ ಹೊಸ ತಕರಾರು ಇರುವುದಿಲ್ಲ. ಬರುವುದು ಸಣ್ಣ ಮೊತ್ತ, ಮೊಬೈಲ್ ರೀಚಾರ್ಜ್‌ಗೆ ಆದೀತು. ಸೀಟು ಬೇಗ ತುಂಬುತ್ತವೆ, ಸಂಜೆ ಮಾಡೋಣ ಅಂದುಕೊಂಡರೆ ಮುಗಿದಿರುತ್ತದೆ. ಎರಡನೆಯದು ಬ್ರೇವ್ ಬ್ರೌಸರ್. ನಾವು ಒಪ್ಪಿದರೆ ಜಾಹೀರಾತು ತೋರಿಸಿ, ಅದರ ಆದಾಯದಲ್ಲಿ 70% ಬ್ಯಾಟ್ ಎಂಬ ತಮ್ಮದೇ ಟೋಕನ್ ರೂಪದಲ್ಲಿ ಕೊಡುತ್ತೇವೆ ಅನ್ನುವ ಲೆಕ್ಕ ಅವರದು. ಹೇಗಿದ್ದರೂ ಬ್ರೌಸರ್ ಬೇಕೇ ಬೇಕಲ್ವಾ, ಹೆಚ್ಚುವರಿ ಕೆಲಸ ಇಲ್ಲ.

ದೊಡ್ಡ ಏರ್‌ಡ್ರಾಪ್, ಅಂದರೆ ಕಂಪನಿಯೇ ಪುಕ್ಕಟೆ ಟೋಕನ್ ಹಂಚಿದ ಕಥೆಗಳೂ ನಿಜವೇ. 2020ರ ಸೆಪ್ಟೆಂಬರ್‌ನಲ್ಲಿ ಯೂನಿಸ್ವ್ಯಾಪ್ ಎಂಬ ಕಾಯಿನ್ ಅದಲುಬದಲು ಮಾಡುವ ಸೈಟು ತನ್ನಲ್ಲಿ ಹಿಂದೆ ವ್ಯವಹಾರ ಮಾಡಿದ್ದ ಪ್ರತಿ ವ್ಯಾಲೆಟ್‌ಗೂ (ಕಾಯಿನ್ ಇಡುವ ಡಿಜಿಟಲ್ ಪರ್ಸ್) 400 ಟೋಕನ್ ಕೊಟ್ಟಿತು, ಆಗಲೇ ಸಾವಿರ ಡಾಲರ್ ದಾಟುವ ಮೊತ್ತ. ಆದರೆ ಅದನ್ನು ಪಡೆದವರು ಅದಕ್ಕಾಗಿ ಟಾಸ್ಕ್ ಮಾಡಿದವರಲ್ಲ, ಬೇಕಾಗಿ ಬಳಸಿದ್ದವರು. ಆ ಕಥೆ ಕೇಳಿ ನಾವೆಲ್ಲ ಹತ್ತು ವ್ಯಾಲೆಟ್ ತೆರೆದು ಕೂತರೆ, ಈಗ ಕಂಪನಿಗಳು ಒಬ್ಬನೇ ಹತ್ತು ವೇಷ ಹಾಕಿದ್ದನ್ನು ಹಿಡಿದು ಹೊರಗೆ ಹಾಕುತ್ತವೆ. ಇನ್ನೊಂದು ವಿಷಯ, ಟೋಕನ್ ಫ್ರೀ ಆದರೂ ಕ್ಲೇಮ್ ಮಾಡಲು ಗ್ಯಾಸ್ ಫೀ, ಅಂದರೆ ನೆಟ್‌ವರ್ಕ್ ಬಳಸುವ ಶುಲ್ಕ, ನಮ್ಮ ಜೇಬಿನಿಂದ. ಇಂಥ ಟೋಕನ್ ತುಂಬ ಓಡಾಡುವ ಇಥೀರಿಯಂ ನೆಟ್‌ವರ್ಕ್ ರಷ್ ಇದ್ದಾಗ ಕೆಲವು ಸಲ ಟೋಕನ್ ಬೆಲೆಗಿಂತ ಫೀಯೇ ಜಾಸ್ತಿ.

ಕೊನೆಗೆ ಮಾರಿ ರೂಪಾಯಿ ಮಾಡಿಕೊಂಡಿರಿ ಅನ್ನಿ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಅದೇ ವರ್ಷ ಜುಲೈ 1ರಿಂದ ಮಾರಾಟಕ್ಕೆ 1% ಟಿಡಿಎಸ್. ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ಅದು ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತದೆ. ಹಾಕದೇ ಬಿಟ್ಟರೆ ಹೋಯಿತು. ಕಡಿತ ತಪ್ಪಿಸಲು ಟೆಲಿಗ್ರಾಮ್‌ನಲ್ಲಿ ಸಿಕ್ಕ ಅಪರಿಚಿತರಿಗೆ ಮಾರಿ ಯುಪಿಐನಲ್ಲಿ ದುಡ್ಡು ತಗೊಳ್ಳುವವರಿದ್ದಾರೆ. ಆ ದುಡ್ಡು ಯಾರದೋ ವಂಚನೆಯ ದುಡ್ಡಾಗಿದ್ದರೆ ಫ್ರೀಜ್ ಆಗುವುದು ನಿಮ್ಮ ಖಾತೆ. ನಮ್ಮ ಮಂಡಿಯ ಪಕ್ಕದ ಅಂಗಡಿ ಹುಡುಗನಿಗೆ ಹಾಗೇ ಆಯಿತು. ಸಂಬಳವೂ ಅದೇ ಖಾತೆಗೆ ಬರುತ್ತಿತ್ತು, ಪಾಪ.

ಮೋಸದ ಬಗ್ಗೆ ಉದ್ದ ಬರೆಯುವುದಿಲ್ಲ. ಮೊದಲು ನೀನು ಕಳಿಸು, ಡಬಲ್ ಕೊಡುತ್ತೇವೆ ಅಂದರೆ ಅದು ಗಿವ್‌ಅವೇ (ಪುಕ್ಕಟೆ ಹಂಚಿಕೆ) ಅಲ್ಲ. 2020ರ ಜುಲೈನಲ್ಲಿ ಒಬಾಮ, ಬಿಲ್ ಗೇಟ್ಸ್, ಎಲಾನ್ ಮಸ್ಕ್ ಅವರ ಟ್ವಿಟರ್ ಖಾತೆಗಳನ್ನೇ ಕದ್ದು ಇದನ್ನೇ ಹಾಕಿದ್ದರು, ಜನ ಲಕ್ಷ ಡಾಲರ್‌ಗಿಂತ ಜಾಸ್ತಿ ಕಳಿಸಿದರು. ಲೈಕ್ ಒತ್ತುವ ಟಾಸ್ಕಿಗೆ ಮೊದಲ ದಿನ ನೂರೈವತ್ತು ರೂಪಾಯಿ ಕೊಟ್ಟು, ಆಮೇಲೆ "ವಿಐಪಿ ಟಾಸ್ಕ್"ಗೆ ಠೇವಣಿ ಕೇಳುವವರದೂ ಅದೇ ಜಾತಿ. ವ್ಯಾಲೆಟ್‌ನಲ್ಲಿ ನೀವು ಕೇಳದ ಟೋಕನ್ ಕಂಡರೆ ಮಾರಲು ಹೋಗಬೇಡಿ. ಅದರ ಹೆಸರಲ್ಲೇ ಇರುವ ಸೈಟಿಗೆ ಹೋಗಿ ಅಪ್ರೂವ್ ಒತ್ತಿದರೆ, ಅಂದರೆ ವ್ಯಾಲೆಟ್‌ನಿಂದ ತೆಗೆಯಲು ಅವರಿಗೆ ಅನುಮತಿ ಕೊಟ್ಟರೆ, ಉಳಿದದ್ದೂ ಖಾಲಿ. ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ಸೀಡ್ ಫ್ರೇಸ್, ಅಂದರೆ ವ್ಯಾಲೆಟ್‌ನ ಕೀಲಿ, ಯಾವ ಗಿವ್‌ಅವೇಗೂ ಬೇಕಾಗುವುದಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಊರಿನ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೂ ಹೋಗಿ. ಆದರೆ ವ್ಯಾಲೆಟ್‌ನಿಂದ ಹೋದ ಕಾಯಿನ್ ಬ್ಯಾಂಕಿನ ದುಡ್ಡಿನ ಹಾಗೆ ತಡೆ ಹಿಡಿಯಲು ಸಿಗುವುದು ಕಷ್ಟ.

ಒಟ್ಟು ಐದರಲ್ಲಿ ಎರಡು ಸ್ಟಾರ್, ಆ ಎರಡೂ ಓದಿ ಗಳಿಸುವ ಟಾಸ್ಕಿಗೆ. ಸದ್ಯ ಫೋನಿನಲ್ಲಿ ಉಳಿದಿರುವುದು ಒಂದು ಎಕ್ಸ್‌ಚೇಂಜ್ ಆಪ್ ಮತ್ತು ಬ್ರೌಸರ್. ಟಾಸ್ಕುಗಳಿಗೆ ಬೇರೆ ಇಮೇಲ್ ಇದೆ, ಬೇರೆ ಖಾಲಿ ವ್ಯಾಲೆಟ್ ಇದೆ. "ಅಣ್ಣಾ, ನಿಮ್ಮ ರೆಫರಲ್ ಲಿಂಕ್ ಕೊಡ್ರಿ, ಇಬ್ಬರಿಗೂ ಬೋನಸ್ ಬರ್ತತಿ" ಅಂತ ಕೇಳುವವರಿಗೆ: ಕೊಡುವುದಿಲ್ಲ. ನಾಳೆ ನಿಮ್ಮ ವಿತ್‌ಡ್ರಾ ನಿಂತರೆ ಮೊದಲ ಫೋನ್ ಬರುವುದು ನನಗೇ.