ಸಾಂದ್ರತೆ ಕಲಿಸಲು ಸೂತ್ರ ಮೊದಲೋ, ಉದಾಹರಣೆ ಮೊದಲೋ?

ಸಾಂದ್ರತೆ ಎಂದರೆ ಇಂತಿಷ್ಟು ಜಾಗದಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬ ಲೆಕ್ಕ; ಸೂತ್ರ: ದ್ರವ್ಯರಾಶಿ ÷ ಗಾತ್ರ. ದಾವಣಗೆರೆಯ ಮಕ್ಕಳಿಗೆ ಇದನ್ನು ಮೊದಲ ಸಲ ಹೇಳಿಕೊಡುವಾಗ ಉದಾಹರಣೆಯೇ ಮೊದಲಿರಲಿ. ಒಂದೇ ಲೋಟದಲ್ಲಿ ಮಂಡಕ್ಕಿ, ಆಮೇಲೆ ಅಕ್ಕಿ ತುಂಬಿ ತೂಗಿಸಿ: ಜಾಗ ಅಷ್ಟೇ, ತೂಕ ಬೇರೆ. (ಲೋಟದ ತೂಕ ಕಳೆಯುವುದನ್ನು ಮರೆಯಬೇಡಿ.) ಆದರೆ ಇಷ್ಟಕ್ಕೇ ನಿಲ್ಲಿಸಿದರೆ ‘ಉಬ್ಬಿದ್ದೆಲ್ಲ ಹಗುರ’ ಎಂದುಕೊಳ್ಳುತ್ತಾರೆ, ಮಂಡಕ್ಕಿಯ ಒಳಗೂ ಸಂದಿಯಲ್ಲೂ ಇರುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಎರಡನೆಯದು ದ್ರವವಾಗಿರಲಿ: 100 ಮಿಲಿ ನೀರು ಸುಮಾರು 100 ಗ್ರಾಂ, ಅಷ್ಟೇ ಶೇಂಗಾ ಎಣ್ಣೆ 91ರ ಆಸುಪಾಸು. ನೀರಿಗಿಂತ ಮಂದವಾಗಿ ಕಾಣುವ ಎಣ್ಣೆ ತೇಲುತ್ತದೆ. ‘ಮಂದವಾದದ್ದೆಲ್ಲ ಭಾರ’ ಎಂಬ ತಪ್ಪು ಕಲ್ಪನೆ ಒಡೆಯುವುದು ಇಲ್ಲೇ. ಕೊನೆಗೆ ದೊಡ್ಡ ಮರದ ತುಂಡು, ಸಣ್ಣ ಮೊಳೆ ನೀರಿಗೆ ಹಾಕಿಸಿ: ದೊಡ್ಡದು ತೇಲುತ್ತದೆ, ಸಣ್ಣದು ಮುಳುಗುತ್ತದೆ. ಸೂತ್ರ ಆಮೇಲೆ.

ಸೂತ್ರ ಮೊದಲು ಹೇಳಿದರೆ ಸಮಯ ಉಳಿಯುತ್ತದೆ, ಎಸ್ಸೆಸ್ಸೆಲ್ಸಿ ಪುನರಾವರ್ತನೆಗೆ ಅದೇ ಸರಿ. ಹೊಸಬರಿಗೆ ಬೇಡ: ಅಂಕಿ ಹಾಕಿ ಉತ್ತರ ತೆಗೆಯುತ್ತಾರೆ, ಎಣ್ಣೆ ಯಾಕೆ ತೇಲಿತು ಎಂದರೆ ಸುಮ್ಮನಾಗುತ್ತಾರೆ.